ಗೊರಕೆ: ಬರೀ ಸದ್ದೋ, ಕಾಯಿಲೆಯೋ?

ಬ್ಯಾಂಕಿನಲ್ಲಿ ಸಾಲದ ಅರ್ಜಿ ಬಂದರೆ ಮೊದಲು ಪರಿಶೀಲನೆ, ಆಮೇಲೆ ಮಂಜೂರಾತಿ. ಗೊರಕೆಯ ವಿಷಯದಲ್ಲಿ ನಮ್ಮವರು ಇದನ್ನು ತಿರುವುಮುರುವು ಮಾಡುತ್ತಾರೆ. ಜಾಹೀರಾತು ನೋಡಿ ಮೂಗಿನ ಪಟ್ಟಿ, ಗಲ್ಲದ ಪಟ್ಟಿ ತರಿಸುತ್ತಾರೆ. ತಪಾಸಣೆ ಮಾತ್ರ ಆಗಿರುವುದಿಲ್ಲ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಆಗ ಕಿರುನಾಲಿಗೆ, ಮೆದು ಅಂಗುಳ ಅದುರುವ ಸದ್ದೇ ಗೊರಕೆ. ಸದ್ದಷ್ಟೇ ಆದರೆ ಸರಳ ಗೊರಕೆ. ಆದರೆ ಉಸಿರು 10 ಸೆಕೆಂಡು, ಅದಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಕಟ್ಟುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ. ರಕ್ತದೊತ್ತಡ, ಹೃದಯದ ತೊಂದರೆ, ಗಾಡಿ ಓಡಿಸುವಾಗ ತೂಕಡಿಕೆ ಇದರ ಬೆನ್ನಿಗೇ ಇರುತ್ತವೆ.

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸದು. ಸಾಕ್ಷಿ ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು. ಆದ್ದರಿಂದ ವೈದ್ಯರ ಬಳಿಗೆ ಮನೆಯವರನ್ನೂ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು. ಹೆಂಗಸರು ನಾಚಿಕೆಯಿಂದ ಇದನ್ನು ಹೇಳುವುದೇ ಇಲ್ಲ. ಮುಟ್ಟು ನಿಂತ ಮೇಲೆ ಅವರಲ್ಲೂ ಆಪ್ನಿಯಾ ಹೆಚ್ಚುತ್ತದೆ.

ವೈದ್ಯರು ಬಳಸುವ ‘ಸ್ಟಾಪ್-ಬ್ಯಾಂಗ್’ ಪಟ್ಟಿಯಲ್ಲಿ ಎಂಟು ಪ್ರಶ್ನೆಗಳಿವೆ: ಜೋರು ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಬೇರೆಯವರು ಕಂಡದ್ದು, ಬಿಪಿ, ಅತಿಯಾದ ಬೊಜ್ಜು, 50 ದಾಟಿದ ವಯಸ್ಸು, 40 ಸೆಂ.ಮೀ.ಗೂ ದಪ್ಪ ಕುತ್ತಿಗೆ, ಗಂಡಸೇ ಎಂಬುದು. ‘ಹೌದು’ ಎಂದರೆ ಒಂದು ಅಂಕ. ನನ್ನಂಥ ನಿವೃತ್ತರಿಗೆ ಎರಡು ಅಂಕ ಪುಕ್ಕಟೆ! ಮೂರಾದರೆ ನಿದ್ರಾ ಪರೀಕ್ಷೆಯ ಬಗ್ಗೆ ಕೇಳಿ, ಐದಾದರೆ ತಡಮಾಡಬೇಡಿ. ಈ ಪರೀಕ್ಷೆಯನ್ನು ಎಷ್ಟೋ ಜನರಿಗೆ ಮನೆಯಲ್ಲೇ ಮಾಡಬಹುದು. ಉಸಿರಾಟದ ಅಡಚಣೆ ಗಂಟೆಗೆ ಸರಾಸರಿ 5ಕ್ಕಿಂತ ಕಡಿಮೆ ಇದ್ದು, ಹಗಲು ನಿದ್ದೆಯ ಕಾಟವೂ ಇಲ್ಲದಿದ್ದರೆ ಸರಳ ಗೊರಕೆ ಎನ್ನಬಹುದು.

ಅದಕ್ಕೆ ಮದ್ದು ಬಹುಪಾಲು ಅಗ್ಗ. ತೂಕ ಇಳಿಸುವುದು, ಮಲಗುವ ಮುನ್ನ ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು. ಅಂಗಾತ ಹೊರಳುವವರು ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡೊಂದನ್ನು ಹೊಲಿದುಕೊಳ್ಳುವುದುಂಟು. ನಗಬೇಡಿ, ಕೆಲವರಿಗೆ ಉಪಯೋಗವಾಗುತ್ತದೆ. ನಿದ್ದೆ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅಲರ್ಜಿಯಿಂದ ಮೂಗು ಕಟ್ಟುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಇಷ್ಟಕ್ಕೂ ನಿಲ್ಲದಿದ್ದರೆ, ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ.

ಅಂಗುಳದ ಶಸ್ತ್ರಚಿಕಿತ್ಸೆ ಕೊನೆಯ ಮಾತು. ನೋವಿನದು, ಖರ್ಚಿನದು, ವರ್ಷಗಳ ಮೇಲೆ ಗೊರಕೆ ಮರಳುವುದೂ ಇದೆ. ಸದ್ದು ಅಡಗಿ ಆಪ್ನಿಯಾ ಒಳಗೇ ಉಳಿದರೆ ಎಚ್ಚರಿಸುವ ಗಂಟೆಯೂ ಇರುವುದಿಲ್ಲ. ಯಾರೇ ಸೂಚಿಸಲಿ, ಸಹಿ ಹಾಕುವ ಮೊದಲು ನಿದ್ರಾ ಪರೀಕ್ಷೆಯ ವರದಿ ಕೈಯಲ್ಲಿರಲಿ.