ನಿಮ್ಮ ಪ್ರಕೃತಿ ಯಾವುದು?

ಪರೀಕ್ಷೆ ಹತ್ತಿರವಾದಾಗ ಜೀವಶಾಸ್ತ್ರ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳಿಂದ ನಾನು ಸಾಮಾನ್ಯವಾಗಿ ಮೂರು ದೂರು ಕೇಳುತ್ತೇನೆ. "ಸರ್, ಓದಿದ್ದು ಬೇಗ ತಲೆಗೆ ಹೋಗುತ್ತೆ, ಮಾರನೇ ದಿನ ಏನೂ ಉಳಿದಿರಲ್ಲ" ಎನ್ನುವವರು ಕೆಲವರು. "ಒಂದು ಅಂಕ ಕಡಿಮೆಯಾದರೂ ತಡೆಯೋಕಾಗಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗ್ತೀನಿ" ಎನ್ನುವವರು ಮತ್ತೆ ಕೆಲವರು. ಮೂರನೆಯವರು ತಲೆ ತಗ್ಗಿಸಿ ಹೇಳುತ್ತಾರೆ: "ಒಂದು ಪಾಠ ನಾಲ್ಕು ಸಲ ಓದಬೇಕು ಸರ್, ನಾನು ದಡ್ಡ." ಈ ಮೂರನೆಯ ಮಾತು ನನಗೆ ಹೆಚ್ಚು ನೋವು ಕೊಡುತ್ತದೆ. ಈ ಲೇಖನ ಬರೆಯುತ್ತಿರುವುದೂ ಮುಖ್ಯವಾಗಿ ಅವರಿಗಾಗಿಯೇ.

ಮನುಷ್ಯರೆಲ್ಲ ಒಂದೇ ಅಚ್ಚಿನವರಲ್ಲ ಎಂಬುದನ್ನು ಆಯುರ್ವೇದ ಬಹಳ ಹಿಂದೆಯೇ ಗಮನಿಸಿ, ಅದಕ್ಕೊಂದು ಕ್ರಮ ಕೊಟ್ಟಿತು. ವಾತ, ಪಿತ್ತ, ಕಫ ಎಂಬ ಮೂರು ದೋಷಗಳು ಪ್ರತಿಯೊಬ್ಬರಲ್ಲೂ ಇರುತ್ತವೆ. ಇಲ್ಲಿ ದೋಷ ಎಂದರೆ ತಪ್ಪು ಎಂದಲ್ಲ. ಚಲನೆ ವಾತದ ಕೆಲಸ, ಜೀರ್ಣಿಸಿ ಬದಲಾಯಿಸುವುದು ಪಿತ್ತದ ಕೆಲಸ, ಕಟ್ಟಿ ನಿಲ್ಲಿಸುವುದು ಕಫದ ಕೆಲಸ. ಹುಟ್ಟಿನಿಂದಲೇ ಇವುಗಳಲ್ಲಿ ಯಾವುದು ಮೇಲುಗೈಯೋ ಅದೇ ಆ ವ್ಯಕ್ತಿಯ ಪ್ರಕೃತಿ. ಒಂದೊಂದೇ ದೋಷ ಪ್ರಧಾನವಾದ ಮೂರು, ಎರಡೆರಡು ಸೇರಿದ ಮೂರು, ಮೂರೂ ಸಮವಾಗಿರುವುದು ಒಂದು, ಹೀಗೆ ಒಟ್ಟು 7. ನಮ್ಮಲ್ಲಿ ಹೆಚ್ಚಿನವರು ಎರಡು ಬೆರೆತವರೇ. ಹಾಗಾಗಿ "ನಾನು ಶುದ್ಧ ಪಿತ್ತ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಷ್ಟು ಬೇಗ ನಂಬಬೇಡಿ.

ಈಗ ಆ ಮೂರು ದೂರುಗಳಿಗೆ ಬರೋಣ. ಚರಕ ಸಂಹಿತೆಯ ವಿಮಾನಸ್ಥಾನದ 8ನೇ ಅಧ್ಯಾಯದಲ್ಲಿ ವಾತ ಪ್ರಕೃತಿಯವರ ವರ್ಣನೆ ಇದೆ: ಕೆಲಸವನ್ನು ಥಟ್ಟನೆ ಆರಂಭಿಸುವವರು, ಕೇಳಿದ್ದನ್ನು ಬೇಗ ಹಿಡಿಯುವವರು, ಆದರೆ ನೆನಪು ಕಡಿಮೆ. ನಮ್ಮ ಮೊದಲ ಗುಂಪಿನ ಚಿತ್ರವೇ ಇದು! ಪಿತ್ತದವರಿಗೆ ಹಸಿವು ಬಾಯಾರಿಕೆ ಜಾಸ್ತಿ, ಬಿಸಿಲು ಸಹಿಸರು, ಕಷ್ಟ ಬಂದರೆ ತಾಳ್ಮೆ ಕಡಿಮೆ. ಕಫದವರ ನಡೆ ನುಡಿ ಊಟ ಎಲ್ಲವೂ ನಿಧಾನ, ಆರಂಭವೂ ನಿಧಾನ. ಆದರೆ ಚರಕ ಅಲ್ಲಿಗೇ ನಿಲ್ಲಿಸುವುದಿಲ್ಲ. ಅವರು ಬಲವಂತರು, ಶಾಂತರು, ವಿದ್ಯಾವಂತರು ಎಂದೂ ಸೇರಿಸುತ್ತಾನೆ. ವಾಗ್ಭಟನ ಅಷ್ಟಾಂಗಹೃದಯವಂತೂ ಕಫ ಪ್ರಕೃತಿಯವರ ಗುಣಗಳಲ್ಲಿ ಒಳ್ಳೆಯ ನೆನಪಿನ ಶಕ್ತಿಯನ್ನೂ ಎಣಿಸಿದೆ. ನಿಧಾನವಾಗಿ ಕಲಿಯುವವನನ್ನು ದಡ್ಡರ ಸಾಲಿಗೆ ಸೇರಿಸಿದ್ದು ನಮ್ಮ ತರಗತಿಗಳೇ ಹೊರತು ಆ ಗ್ರಂಥಗಳಲ್ಲ.

ರಂಝಾನ್ ತಿಂಗಳಲ್ಲಿ ನಿಮ್ಮ ಮನೆಯವರನ್ನೇ ಗಮನಿಸಿ. ಸಹರಿಯಲ್ಲಿ ಎಲ್ಲರೂ ತಿಂದದ್ದು ಒಂದೇ. ಆದರೂ ಮಧ್ಯಾಹ್ನದ ಹೊತ್ತಿಗೆ ಒಬ್ಬನಿಗೆ ಸಿಡುಕು, ಇನ್ನೊಬ್ಬನಿಗೆ ತೂಕಡಿಕೆ, ಮತ್ತೊಬ್ಬ ಏನೂ ಆಗದವನಂತೆ ಅಂಗಡಿ ವ್ಯಾಪಾರ ನಡೆಸುತ್ತಿರುತ್ತಾನೆ.

ಯುನಾನಿ ಹಕೀಮರ ಬಾಯಲ್ಲಿ ಬರುವ 'ಮಿಝಾಜ್' ಎಂಬ ಮಾತನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅದೂ ಇಂಥದ್ದೇ ಆಲೋಚನೆ, ಆದರೆ ಅಲ್ಲಿ ದಮ್, ಬಲ್ಗಮ್, ಸಫ್ರಾ, ಸೌದಾ ಎಂದು ನಾಲ್ಕು ಅಂಶಗಳು. ಬಲ್ಗಮ್ ಎಂದರೆ ಕಫವೇ, ಸಫ್ರಾ ಎಂದರೆ ಪಿತ್ತವೇ ಎಂದು ನೇರವಾಗಿ ಜೋಡಿಸಿಬಿಡುವುದು ಸರಿಯಲ್ಲ, ಲೆಕ್ಕವೇ ಬೇರೆ. ಆದರೆ ಈ ಎರಡು ಪದ್ಧತಿಗಳು ಒಂದನ್ನೊಂದು ಅರಿಯದೆ ಬೆಳೆದವೂ ಅಲ್ಲ. ಸುಮಾರು ಕ್ರಿ.ಶ. 850ರಲ್ಲಿ ಅಲೀ ಇಬ್ನ್ ರಬ್ಬನ್ ಅತ್ತಬರಿ ಬರೆದ 'ಫಿರ್ದೌಸುಲ್ ಹಿಕ್ಮಾ' ಎಂಬ ಅರಬಿ ವೈದ್ಯಗ್ರಂಥದ ಕೊನೆಯ ಭಾಗ ಪೂರ್ತಿ ಭಾರತೀಯ ವೈದ್ಯದ ಬಗ್ಗೆಯೇ ಇದೆ.

ಮನಸ್ಸಿನ ವಿಷಯಕ್ಕೆ ಸತ್ವ, ರಜಸ್, ತಮಸ್ ಎಂಬ ಮೂರು ಗುಣಗಳು. ಚರಕ ಇವನ್ನು ಇನ್ನೂ ಬಿಡಿಸಿ, ಸಾತ್ವಿಕ 7, ರಾಜಸ 6, ತಾಮಸ 3 ಎಂದು 16 ಬಗೆಯ ಮನಸ್ಸುಗಳನ್ನು ಹೇಳುತ್ತಾನೆ. ಅವುಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ಇಷ್ಟು: ದೇಹದ ಪ್ರಕೃತಿ ಹುಟ್ಟಿನಿಂದ ಬಂದದ್ದು ಎನ್ನುವ ಆಯುರ್ವೇದವೇ, ಮನಸ್ಸಿನ ಏರುಪೇರಿಗೆ ಜ್ಞಾನ, ಧೈರ್ಯ, ಸ್ಮೃತಿಗಳಂಥ ಅಭ್ಯಾಸವನ್ನು ಔಷಧವಾಗಿ ಹೇಳುತ್ತದೆ. "ನನ್ನದು ಪಿತ್ತ, ಅದಕ್ಕೇ ತಂಗಿಗೆ ಬೈದೆ" ಎಂಬ ಸಬೂಬಿಗೆ ಅಲ್ಲಿ ಜಾಗವಿಲ್ಲ.

ಇದಕ್ಕೆ ವಿಜ್ಞಾನ ಏನನ್ನುತ್ತದೆ ಎಂದು ನೀವು ಕೇಳಲೇಬೇಕು. 2015ರಲ್ಲಿ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಇದ್ದ ತಂಡವೊಂದು, ವೈದ್ಯರು ಪ್ರಕೃತಿ ಗುರುತಿಸಿದ್ದ 262 ಪುರುಷರ ಡಿಎನ್ಎ ಪರೀಕ್ಷಿಸಿ, ಮೂರು ಗುಂಪುಗಳ ನಡುವೆ 52 ಕಡೆ ವ್ಯತ್ಯಾಸ ಕಂಡಿತು. ಪಿಜಿಎಂ1 ಎಂಬ ಜೀನ್ ಪಿತ್ತದೊಂದಿಗೆ ಹೊಂದುವಂತೆ ತೋರಿತು. ಕುತೂಹಲದ ಸಂಗತಿ ನಿಜ. ಆದರೆ 262 ಜನ ಸಣ್ಣ ಸಂಖ್ಯೆ, ಎಲ್ಲರೂ ಗಂಡಸರು. ಇದರ ಆಧಾರದ ಮೇಲೆ ರೋಗನಿರ್ಣಯ ಮಾಡುವಂತಿಲ್ಲ.

ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ ಪ್ರಕೃತಿ ತಿಳಿಯುವವರಿಗೆ ಇನ್ನೊಂದು ಮಾತು. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವರದಿ ಎಂದು ಹೇಳಿ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ!

ಇದು ನಗುವ ವಿಷಯ ಮಾತ್ರವಲ್ಲ. ಸದಾ ಸುಸ್ತು, ಚಳಿ, ಮೈಭಾರ ಇರುವ ಹುಡುಗಿ "ನಾನು ಕಫ ಪ್ರಕೃತಿ" ಎಂದು ಸುಮ್ಮನಾದರೆ ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಒಳಗೇ ಉಳಿಯಬಹುದು. ಹಳೆಯ ವೈದ್ಯರೂ ಪ್ರಕೃತಿಯೊಂದನ್ನೇ ನೋಡುತ್ತಿರಲಿಲ್ಲ. ಚರಕ ಹೇಳುವ 10 ಪರೀಕ್ಷೆಗಳಲ್ಲಿ ಪ್ರಕೃತಿ ಒಂದು, ವಿಕೃತಿ, ಅಂದರೆ ಈಗ ಆಗಿರುವ ಏರುಪೇರು, ಎರಡನೆಯದು. ಹಾಗೆಯೇ ಕಫ ಇಳಿಸಲೆಂದು ಬೆಳಗಿನ ತಿಂಡಿ ಬಿಟ್ಟು ಕಾಲೇಜಿಗೆ ಬರುವುದು ಬೇಡ.

ಹಾಗಾದರೆ ಮಾಡಬೇಕಾದ್ದೇನು? ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 14 ದಿನ ಬರೆಯಿರಿ: ಎಷ್ಟು ಹೊತ್ತಿಗೆ ಹಸಿವಾಯಿತು, ನಿದ್ದೆ ಹೇಗಿತ್ತು, ಯಾವಾಗ ಸಿಟ್ಟು ಬಂತು, ಯಾವ ಹೊತ್ತಿನಲ್ಲಿ ಓದಿದ್ದು ಮರುದಿನವೂ ನೆನಪಿತ್ತು. ಬೇಗ ಹಿಡಿದು ಬೇಗ ಮರೆಯುವವರು ಅದೇ ಸಂಜೆ ಪುಸ್ತಕ ಮುಚ್ಚಿ ಒಮ್ಮೆ, ಮೂರು ದಿನ ಬಿಟ್ಟು ಮತ್ತೊಮ್ಮೆ ಬರೆದು ನೋಡಿ. ರೇಗುವವರು ಖಾಲಿ ಹೊಟ್ಟೆಯಲ್ಲಿ ಲೆಕ್ಕ ಬಿಡಿಸಲು ಕೂರಬೇಡಿ. ನಿಧಾನದವರು ಒಂದು ತಿಂಗಳು ಮೊದಲೇ ಆರಂಭಿಸಿ, ನಾಲ್ಕು ಸಲ ಓದಿ. ಸುಸ್ತು ಎರಡು ವಾರವೂ ಬಿಡದಿದ್ದರೆ ಆ ಪುಟವನ್ನು ವೈದ್ಯರಿಗೆ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.