ಹಲ್ಲಿನ ಸಸಾರಜನಕ ಮತ್ತು ಮೂಳೆಯ ಬಲ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಾದ ತಮಗೆ ಆಲೆಮನೆಯನ್ನು ಪರಿಚಯಿಸಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕುದಿದ ಕಬ್ಬಿನ ಹಾಲು ಪಾಕವಾಗಿ, ಅಚ್ಚಿಗೆ ಬಿದ್ದ ಮೇಲೆ ಬೆಲ್ಲವಾಗಿ ಗಟ್ಟಿಗೊಳ್ಳುತ್ತದೆ. ಅಚ್ಚಿಲ್ಲದಿದ್ದರೆ ಬೆಲ್ಲಕ್ಕೆ ಆಕಾರವಿಲ್ಲ. ಪಾಕವಿಲ್ಲದಿದ್ದರೆ ಅಚ್ಚು ಬರಿದು. ನಮ್ಮ ಹಲ್ಲು ಮತ್ತು ಮೂಳೆಗಳು ರೂಪುಗೊಳ್ಳುವುದೂ ಹೀಗೆಯೇ. ಸಸಾರಜನಕ, ಎಂದರೆ ಪ್ರೋಟೀನು, ಇಲ್ಲಿ ಅಚ್ಚು. ಸುಣ್ಣ ಮತ್ತು ರಂಜಕದ ಲವಣಗಳು ಪಾಕ.

ಈ ವಿಷಯವನ್ನು ಬರೆಯಲು ಒಂದು ಕಾರಣವುಂಟು. ಮಳವಳ್ಳಿ ತಾಲ್ಲೂಕಿನ ಒಂದು ಗ್ರಾಮದಿಂದ ಎರಡನೆಯ ಬಸುರಿನ ಐದನೆಯ ತಿಂಗಳಿನಲ್ಲಿದ್ದ ತಾಯಿಯೊಬ್ಬರು ಪತಿಯೊಡನೆ ನನ್ನಲ್ಲಿಗೆ ಬಂದಿದ್ದರು. ಎರಡು ದವಡೆ ಹಲ್ಲುಗಳು ಹುಳುಕಾಗಿದ್ದವು. ಒಸಡಿನಿಂದ ರಕ್ತ ಬರುತ್ತಿತ್ತು. ಕೊಟ್ಟಿದ್ದ ಸುಣ್ಣದಂಶದ ಮಾತ್ರೆಗಳನ್ನು ಅವರು ಮುಟ್ಟಿರಲಿಲ್ಲ. "ಬಸುರಿಯಾದರೆ ಹಲ್ಲು ಹೋಗುವುದು ಸಹಜ, ಮಗು ಎಳೆದುಕೊಳ್ಳುತ್ತದೆ" ಎಂದು ಆಕೆ ಹೇಳಿದರು. ಪತಿಯು, "ಈಗ ಹಲ್ಲಿನಿಂದಲೇ ಮೂಳೆ ಬೆಳೆಸುತ್ತಾರಂತಲ್ಲ ಡಾಕ್ಟರೇ, ಮುಂದೆ ನೋಡಿಕೊಂಡರಾಯಿತು" ಎಂದರು. ಇಬ್ಬರ ಮಾತಿಗೂ ಉತ್ತರ ಅವಶ್ಯಕ.

ಹಲ್ಲಿನಿಂದ ಮೂಳೆ ಬೆಳೆಯುವುದೇ?

ಪತಿ ಕೇಳಿದ್ದು ಸುಳ್ಳಲ್ಲ. 1965ರಲ್ಲಿ ಅಮೆರಿಕದ ಮೂಳೆತಜ್ಞ ಮಾರ್ಷಲ್ ಯೂರಿಸ್ಟ್ ಅವರು ಮೂಳೆಯ ಸುಣ್ಣವನ್ನು ಆಮ್ಲದಿಂದ ಕರಗಿಸಿ, ಉಳಿದ ಭಾಗವನ್ನು ಪ್ರಾಣಿಗಳ ಮಾಂಸಖಂಡದಲ್ಲಿರಿಸಿದರು. ಮೂಳೆಯೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಹಲ್ಲಿನ ಹೊಳಪು ಕವಚದ ಕೆಳಗಿರುವ ಡೆಂಟಿನ್ ಎಂಬ ಭಾಗಕ್ಕೂ ಈ ಗುಣವಿದೆಯೆಂಬುದು 1967ರಲ್ಲಿ ತಿಳಿದುಬಂದಿತು. 1993ರಲ್ಲಿ ಆನ್ ಜಾರ್ಜ್ ಮತ್ತು ಅವರ ಸಂಗಡಿಗರು ಇಲಿಯ ಹಲ್ಲಿನಲ್ಲಿ ಒಂದು ಹೊಸ ಸಸಾರಜನಕವನ್ನು ಗುರುತಿಸಿದರು. ಅದು ಮೂಳೆಯಲ್ಲಿಯೂ ಇರುವುದೆಂದು ಅನಂತರ ಗೊತ್ತಾಯಿತು. ಅದರ ವಂಶವಾಹಿಯಲ್ಲಿ ದೋಷವಿರುವ ಮಕ್ಕಳಿಗೆ ಮೂಳೆ ಬಾಗುವ ಒಂದು ಬಗೆಯ ರಿಕೆಟ್ಸ್ ರೋಗ ತಗಲುವುದೆಂದು 2006ರಲ್ಲಿ ಸ್ಪಷ್ಟವಾಯಿತು.

ಇಂದು ಕೆಲವು ದಂತವೈದ್ಯರು ರೋಗಿಯಿಂದ ಕಿತ್ತ ಹಲ್ಲನ್ನೇ ಶುದ್ಧಿಮಾಡಿ, ಪುಡಿಮಾಡಿ, ಸುಣ್ಣವನ್ನು ತೆಗೆದು, ಸವೆದ ದವಡೆಯ ಮೂಳೆಯಲ್ಲಿ ತುಂಬುತ್ತಾರೆ. ಆದರೆ ಇದು ಅಚ್ಚನ್ನು ಒದಗಿಸುವ ಕೆಲಸ ಮಾತ್ರ. ಪಾಕವು ರೋಗಿಯ ರಕ್ತದಿಂದಲೇ ಬರಬೇಕು. ಹಲ್ಲಿನ ಪುಡಿಯನ್ನು ನುಂಗುವುದರಿಂದಾಗಲಿ, ಮುರಿದ ಕೈಕಾಲಿಗೆ ಲೇಪಿಸುವುದರಿಂದಾಗಲಿ ಮೂಳೆ ಬೆಳೆಯುವುದಿಲ್ಲ.

ಮಗು ತಾಯಿಯ ಹಲ್ಲನ್ನು ಎಳೆದುಕೊಳ್ಳುವುದೇ?

ಇಲ್ಲ. ಒಮ್ಮೆ ಕೂಡಿದ ಹಲ್ಲಿನ ಸುಣ್ಣವನ್ನು ದೇಹವು ಮಗುವಿಗಾಗಿ ಹಿಂದಕ್ಕೆ ತೆಗೆದುಕೊಳ್ಳಲಾರದು. ಬಸುರಿನಲ್ಲಿ ಹಲ್ಲು ಕೆಡುವುದು ಹುಳುಕಿನಿಂದ ಮತ್ತು ಒಸಡಿನ ಊತದಿಂದ, ಎರಡಕ್ಕೂ ಚಿಕಿತ್ಸೆಯುಂಟು. ಆದರೆ ಮೂಳೆಯ ಮಾತು ಬೇರೆ. ಹುಟ್ಟುವ ವೇಳೆಗೆ ಮಗುವಿನ ದೇಹದಲ್ಲಿ ಸುಮಾರು 30 ಗ್ರಾಂ ಸುಣ್ಣದಂಶ ಸೇರಿರುತ್ತದೆ. ನಾಲ್ಕನೆಯ ತಿಂಗಳಿನ ಹೊತ್ತಿಗೇ ಹಾಲುಹಲ್ಲುಗಳು ಒಸಡಿನೊಳಗೆ ಗಟ್ಟಿಯಾಗತೊಡಗುತ್ತವೆ. ತಾಯಿಯ ಆಹಾರದಲ್ಲಿ ಇದು ಸಾಲದಿದ್ದರೆ ಆಕೆಯ ಮೂಳೆಯಿಂದ ಹೋಗುತ್ತದೆ. ಆ ನಷ್ಟ ಕಣ್ಣಿಗೆ ಕಾಣುವುದಿಲ್ಲ.

ಪತಿಪತ್ನಿಯರು ಕೂಡಿ ಮಾಡಬೇಕಾದುದು

1. ರಾಗಿಯನ್ನು ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ; ಅಷ್ಟೇ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಮುದ್ದೆಯೊಡನೆ ಸೊಪ್ಪಿನ ಸಾರು, ಹುರುಳಿ, ಅವರೆ, ಒಗ್ಗುವವರಿಗೆ ಮೊಟ್ಟೆ ಇರಲಿ; ಅಚ್ಚಿಗೆ ಬೇಕಾದ ಸಸಾರಜನಕ ಇವುಗಳಿಂದ ದೊರೆಯುತ್ತದೆ.

2. ಹಾಲನ್ನೆಲ್ಲ ಡೈರಿಗೆ ಹಾಕಿಬಿಡಬೇಡಿ. ಗೆಜ್ಜಲಗೆರೆಗೆ ಹೋಗುವ ಕ್ಯಾನಿಗಿಂತ ಮೊದಲು ಮನೆಯ ಗರ್ಭಿಣಿಯ ಲೋಟ ತುಂಬಲಿ. ಇದು ಪತಿಯ ಹೊಣೆ.

3. ಬಸುರಿನ ನಾಲ್ಕನೆಯ ತಿಂಗಳಿನಿಂದ ಹೆರಿಗೆಯಾಗಿ 6 ತಿಂಗಳವರೆಗೆ, 500 ಮಿಲಿಗ್ರಾಂನ ಕ್ಯಾಲ್ಸಿಯಂ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ಊಟದೊಡನೆ ಸೇವಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಇದರೊಡನೆ ನುಂಗಬಾರದು. ಕನಿಷ್ಠ 2 ಗಂಟೆ ಅಂತರವಿರಲಿ. ಮಾತ್ರೆಗಳು ಆಶಾ ಕಾರ್ಯಕರ್ತೆಯರ ಮೂಲಕ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತವೆ.

4. ಸುಣ್ಣದಂಶ ಕರುಳಿನಿಂದ ರಕ್ತಕ್ಕೆ ಸೇರಲು ಜೀವಸತ್ವ 'ಡಿ' ಬೇಕು. ಅದನ್ನು ಬಿಸಿಲು ಕೊಡುತ್ತದೆ. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿಯೇ ಇರಿಸಬೇಡಿ.

5. ಎರಡು ಹೊತ್ತು ಹಲ್ಲುಜ್ಜಿ. ನೋವಿದ್ದರೆ ಹೆರಿಗೆಯವರೆಗೆ ಕಾಯಬೇಡಿ. ನಾಲ್ಕರಿಂದ ಆರನೆಯ ತಿಂಗಳು ದಂತಚಿಕಿತ್ಸೆಗೆ ಅನುಕೂಲವಾದ ಕಾಲ. ತಾವು ಗರ್ಭಿಣಿಯೆಂಬುದನ್ನು ವೈದ್ಯರಿಗೆ ತಿಳಿಸಿ. ಟೆಟ್ರಾಸೈಕ್ಲಿನ್‌ನಂತಹ ಔಷಧಿ ಮಗುವಿನ ಹಲ್ಲಿನ ಬಣ್ಣವನ್ನು ಕೆಡಿಸುತ್ತದೆ.

6. ಎರಡು ಮಕ್ಕಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿರಲಿ. ಬಸುರು ಮತ್ತು ಎದೆಹಾಲಿನ ಕಾಲದಲ್ಲಿ ತಗ್ಗಿದ ತಾಯಿಯ ಮೂಳೆಯು ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ಕಾಪರ್-ಟಿ ಮುಂತಾದ ವಿಧಾನಗಳ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಮಳವಳ್ಳಿಯ ಆ ತಾಯಿಯ ಒಂದು ಹಲ್ಲನ್ನು ಉಳಿಸಲಾಯಿತು, ಇನ್ನೊಂದನ್ನು ಕೀಳಿಸಬೇಕಾಯಿತು. ಮೊದಲ ಬಸುರಿನಲ್ಲಿಯೇ ಬಂದಿದ್ದರೆ ಬಹುಶಃ ಎರಡೂ ಉಳಿಯುತ್ತಿದ್ದವು. ಅಂದಿನಿಂದ ಮಾತ್ರೆಯ ಹೊತ್ತನ್ನು ನೆನಪಿಸುವ ಕೆಲಸವನ್ನು ಆಕೆಯ ಪತಿಯೇ ವಹಿಸಿಕೊಂಡರು. ಅಚ್ಚನ್ನು ಪ್ರಕೃತಿಯು ಪ್ರತಿಯೊಂದು ಮಗುವಿನಲ್ಲಿಯೂ ಸಿದ್ಧಗೊಳಿಸುತ್ತದೆ. ಪಾಕವನ್ನು ಒದಗಿಸುವುದು ತಮ್ಮ ಮನೆಯ ಅಡುಗೆ ಒಲೆಯ ಕೆಲಸ.