ಸ್ವಮತ ನಿಷ್ಠೆ, ಪರಮತ ರಕ್ಷಣೆ

ಜಗತ್ತಿನಲ್ಲಿ ಮತಧರ್ಮಗಳು ಹಲವು. ಅವುಗಳ ತತ್ತ್ವಗಳೂ ಆಚರಣೆಗಳೂ ಒಂದೇ ಬಗೆಯವಲ್ಲ. ಯೆಹೂದ್ಯರು, ಕ್ರೈಸ್ತರು ಮತ್ತು ಮುಸಲ್ಮಾನರು ಜಗತ್ತನ್ನು ಸೃಷ್ಟಿಸಿದ ಏಕೈಕ ದೇವರಲ್ಲಿ ನಂಬಿಕೆಯಿಟ್ಟಿದ್ದಾರೆ. ಜೈನರೂ ಬೌದ್ಧರೂ ಅಂತಹ ಸೃಷ್ಟಿಕರ್ತನನ್ನು ಒಪ್ಪದೆಯೇ ಉನ್ನತವಾದ ಧರ್ಮಮಾರ್ಗವನ್ನು ಕಂಡುಕೊಂಡಿದ್ದಾರೆ. ಹಿಂದೂ ಧರ್ಮದೊಳಗೇ ದ್ವೈತ, ಅದ್ವೈತ, ವಿಶಿಷ್ಟಾದ್ವೈತಗಳೆಂಬ ಭಿನ್ನ ದರ್ಶನಗಳಿವೆ. ಈ ವೈವಿಧ್ಯವನ್ನು ಕಂಡಾಗ ವಿಚಾರಶೀಲರ ಮನಸ್ಸಿನಲ್ಲಿ ಕೆಲವು ಪ್ರಶ್ನೆಗಳು ಮೂಡುವುದು ಸಹಜ. ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆಯೆ? ನನ್ನ ಧರ್ಮವೇ ಸತ್ಯವೆಂದು ನಂಬಿರುವ ನಾನು ಅನ್ಯಧರ್ಮವನ್ನು ಗೌರವಿಸುವುದೆಂತು? ಹಾಗೆ ಗೌರವಿಸಿದರೆ ನನ್ನ ಶ್ರದ್ಧೆಗೆ ಕುಂದುಂಟಾಗದೆ?

ಮೊದಲನೆಯ ಪ್ರಶ್ನೆಗೆ ಎಚ್ಚರದಿಂದ ಉತ್ತರಿಸಬೇಕು. ತತ್ತ್ವದಲ್ಲಿ ಧರ್ಮಧರ್ಮಗಳಿಗೆ ಭೇದವಿದೆ. ಇಲ್ಲವೆಂದು ಹೇಳಿದರೆ ಯಾವ ಧರ್ಮಕ್ಕೂ ಗೌರವ ತೋರಿದಂತಾಗುವುದಿಲ್ಲ. ಆದರೆ ನಡತೆಯ ವಿಷಯಕ್ಕೆ ಬಂದಾಗ ಅವು ಬಹುಮಟ್ಟಿಗೆ ಒಂದನ್ನೊಂದು ಸಮೀಪಿಸುತ್ತವೆ. ಕೊಲೆ, ಕಳವು, ಅಸತ್ಯಗಳನ್ನು ಎಲ್ಲವೂ ಖಂಡಿಸುತ್ತವೆ. ಜೈನರ ಆಹಾರದಾನ, ಶರಣರ ದಾಸೋಹ, ಮುಸಲ್ಮಾನರ ಜಕಾತ್, ಕ್ರೈಸ್ತರ ದೀನಸೇವೆ, ಸಿಖ್ಖರ ಲಂಗರ್ ಇವೆಲ್ಲವುಗಳ ಹಿಂದೆ ಪರರ ಕಷ್ಟಕ್ಕೆ ಮರುಗುವ ಒಂದೇ ಭಾವನೆಯಿದೆ. ಇಂತಹ ನೀತಿಯನ್ನು ತನ್ನವರ ವಿಷಯದಲ್ಲಿ ಪಾಲಿಸುವುದು ಸುಲಭ. ಎದುರಿಗಿರುವವನು ಅನ್ಯಮತದವನೂ ತನಗಿಂತ ದುರ್ಬಲನೂ ಆಗಿರುವಾಗ ಪಾಲಿಸುವುದು ಕಷ್ಟ. ಧರ್ಮಶ್ರದ್ಧೆಗೆ ನಿಜವಾದ ಪರೀಕ್ಷೆ ಒದಗುವುದು ಆಗಲೇ. ನಮ್ಮ ನಾಡಿನಲ್ಲಿ ದೊರೆತಿರುವ ಎರಡು ಶಾಸನಗಳು ಈ ಪರೀಕ್ಷೆಯನ್ನು ಎದುರಿಸುವ ಬಗೆಯನ್ನು ತಿಳಿಸುತ್ತವೆ.

ಮೊದಲನೆಯದು ಕ್ರಿ. ಪೂ. ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯದು. ಕಳಿಂಗ ಯುದ್ಧದ ಸಾವುನೋವುಗಳಿಂದ ಪಶ್ಚಾತ್ತಾಪಗೊಂಡ ಆತನು ತನ್ನ ಸಾಮ್ರಾಜ್ಯದ ಹಲವೆಡೆ ಧರ್ಮಲಿಪಿಗಳನ್ನು ಕೆತ್ತಿಸಿದನು. ಅವುಗಳಲ್ಲಿ ಹನ್ನೆರಡನೆಯ ಬಂಡೆಶಾಸನವು ಮತಗಳ ಪರಸ್ಪರ ಸಂಬಂಧವನ್ನು ಕುರಿತುದು. ಗುಜರಾತಿನ ಗಿರ್ನಾರ್ ಮೊದಲಾದ ಕಡೆಗಳಲ್ಲಿ ದೊರೆತಿದ್ದ ಈ ಲಿಪಿಯು 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಬೆಳಕಿಗೆ ಬಂದಿತು. ಅಲ್ಲಿ ಅದನ್ನು ಹೊತ್ತ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. ಅಶೋಕನು ಬೌದ್ಧ ಉಪಾಸಕನಾಗಿದ್ದರೂ ಎಲ್ಲ ಮತಗಳ ಸಂನ್ಯಾಸಿಗಳನ್ನೂ ಗೃಹಸ್ಥರನ್ನೂ ತಾನು ಗೌರವಿಸುವುದಾಗಿ ಇದರಲ್ಲಿ ತಿಳಿಸಿದ್ದಾನೆ. ದಾನ ಮನ್ನಣೆಗಳಿಗಿಂತಲೂ ಎಲ್ಲ ಮತಗಳ ಸಾರವು ವೃದ್ಧಿಯಾಗುವುದು ಮೇಲೆಂದೂ, ಅದಕ್ಕೆ ಮಾತಿನ ಸಂಯಮವೇ ಮೂಲವೆಂದೂ ಆತನ ಅಭಿಪ್ರಾಯ. ಸ್ವಮತದ ಮೇಲಣ ಅಭಿಮಾನದಿಂದ ಪರಮತವನ್ನು ನಿಂದಿಸುವವನು ತನ್ನ ಮತಕ್ಕೇ ಹೆಚ್ಚಿನ ಹಾನಿಯನ್ನುಂಟುಮಾಡುತ್ತಾನೆ. ಆದುದರಿಂದ ಜನರು ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕೆಂದು ಆತನು ಬಯಸಿದನು.

ಅಶೋಕನ ಲಿಪಿ ಉಪದೇಶರೂಪದ್ದು. ಸುಮಾರು ಸಾವಿರದ ಆರುನೂರು ವರ್ಷಗಳ ತರುವಾಯ ಹುಟ್ಟಿದ ಎರಡನೆಯ ಶಾಸನವಾದರೋ ಕಣ್ಣೆದುರಿನ ಕಲಹವೊಂದಕ್ಕೆ ಕೊಟ್ಟ ತೀರ್ಪು. ಅದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಅದರ ಕಾಲ ಕ್ರಿ. ಶ. 1368. ಆಗ ವಿಜಯನಗರವನ್ನು ಒಂದನೆಯ ಬುಕ್ಕರಾಯನು ಆಳುತ್ತಿದ್ದನು. ಗಂಗರ ಮತ್ತು ರಾಷ್ಟ್ರಕೂಟರ ಕಾಲದಲ್ಲಿ ರಾಜಾಶ್ರಯ ಪಡೆದು ಮೆರೆದ ಜೈನಮತದ ಬಲ ಆ ವೇಳೆಗೆ ಕುಗ್ಗಿದ್ದಿತು. ಶ್ರೀವೈಷ್ಣವರ ಪ್ರಾಬಲ್ಯ ಹೆಚ್ಚಿದ್ದಿತು. ಅವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ದೊರೆಗೆ ಬಿನ್ನವಿಸಿಕೊಂಡರು. ಪಂಚಮಹಾವಾದ್ಯಗಳನ್ನೂ ಕಲಶವನ್ನೂ ಬಳಸುವ ಹಕ್ಕು ವಿವಾದದ ವಿಷಯವಾಗಿದ್ದಿತು. ಇಂದು ಇದು ಅಲ್ಪವೆಂದು ತೋರಬಹುದು. ಆದರೆ ಇಂತಹ ಮರ್ಯಾದೆಯನ್ನು ಕಳೆದುಕೊಂಡ ಸಮುದಾಯವು ಊರಿನಲ್ಲಿ ತಲೆಯೆತ್ತಿ ಬಾಳುವ ಸ್ಥಾನವನ್ನೇ ಕಳೆದುಕೊಂಡಂತಾಗುತ್ತಿದ್ದಿತು.

ಬುಕ್ಕರಾಯನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದ ಶ್ರೀವೈಷ್ಣವ ಪ್ರಮುಖರ ಸಮ್ಮುಖದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಎರಡು ದರ್ಶನಗಳಲ್ಲಿಯೂ ಭೇದವೆಣಿಸಬಾರದೆಂದೂ, ವಾದ್ಯ ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕುದೆಂದೂ, ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸಬೇಕೆಂದೂ ಕಟ್ಟುಮಾಡಿದನು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಬೇಕೆಂದು ಗೊತ್ತಾಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿರುವ ಶಾಸನವೂ ಇದೇ ತೀರ್ಪಿಗೆ ಸಂಬಂಧಿಸಿದುದು. ಇದಲ್ಲದೆ, ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕೆಂದೂ, ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ನಿರ್ಧರಿಸಲಾಯಿತು. ಈ ಕಟ್ಟನ್ನು ಮುರಿದವನು ರಾಜದ್ರೋಹಿಯೆನಿಸುತ್ತಿದ್ದನು.

ಈ ತೀರ್ಪಿನಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದಾಗಿ, ತನ್ನ ಮತವನ್ನು ಬಿಡೆಂದು ಯಾರಿಗೂ ಹೇಳಲಿಲ್ಲ. ಶಾಸನವು ರಾಮಾನುಜಾಚಾರ್ಯರ ಸ್ತುತಿಯಿಂದಲೇ ಆರಂಭವಾಗುತ್ತದೆ. ವೈಷ್ಣವನು ವೈಷ್ಣವನಾಗಿದ್ದುಕೊಂಡೇ ಬಸದಿಯನ್ನು ಕಾಯಬಲ್ಲನು. ಅದರಿಂದ ಅವನ ಶ್ರದ್ಧೆಗೆ ಕುಂದಿಲ್ಲ. ಎರಡನೆಯದಾಗಿ, ಸೌಹಾರ್ದವು ಬರಿಯ ಮಾತಾಗಿ ಉಳಿಯಲಿಲ್ಲ. ಹಕ್ಕು, ಕಾವಲು, ಹಣ, ಶಿಕ್ಷೆಯ ಭಯ ಇವೆಲ್ಲ ಅದಕ್ಕೆ ಆಧಾರವಾಗಿ ನಿಂತುವು. ಮೂರನೆಯದಾಗಿ, ಯಾರ ಮೇಲೆ ದೂರು ಬಂದಿತ್ತೋ ಆ ಬಲಿಷ್ಠರಿಗೇ ರಕ್ಷಣೆಯ ಹೊಣೆಯನ್ನು ವಹಿಸಲಾಯಿತು. ಕಾವಲಿನ ವೆಚ್ಚವನ್ನು ಜೈನರೇ ಭರಿಸಬೇಕಾಗಿದ್ದುದರಿಂದ ಇದನ್ನು ಪೂರ್ಣ ಸಮಾನತೆಯೆನ್ನಲಾಗದು. ಆದರೂ ಅಂದಿನ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

ಅಂದು ಅರಸನ ನ್ಯಾಯಬುದ್ಧಿಯಿಂದ ದೊರೆತುದು ಇಂದು ಪ್ರಜೆಯ ಹಕ್ಕಾಗಿದೆ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಮಿತಿಗೊಳಪಟ್ಟು ಎಲ್ಲರಿಗೂ ಸಮಾನವಾಗಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ನೀಡಿದೆ. ತನ್ನ ಧರ್ಮವನ್ನು ಅವಲಂಬಿಸಲು, ಆಚರಿಸಲು, ಪ್ರಸಾರಮಾಡಲು ಪ್ರತಿಯೊಬ್ಬನೂ ಸ್ವತಂತ್ರನು. ಆದರೆ ನೆರೆಯವನ ಹಾನಿಯನ್ನು ತನ್ನ ಹಾನಿಯೆಂದು ಬಗೆಯುವ ಮನಸ್ಸನ್ನು ಯಾವ ಕಾನೂನೂ ಸೃಷ್ಟಿಸಲಾರದು. ಅದನ್ನು ಬಾಲ್ಯದಿಂದಲೇ ಬೆಳೆಸಿಕೊಳ್ಳಬೇಕು. ಸಹಪಾಠಿಯ ದೇವರನ್ನು ಯಾರಾದರೂ ಹಳಿದಾಗ ಅವನ ಪರವಾಗಿ ನಿಲ್ಲುವ ವಿದ್ಯಾರ್ಥಿಯು ಬುಕ್ಕರಾಯನ ತೀರ್ಪನ್ನು ಇಂದಿಗೂ ಜೀವಂತವಾಗಿರಿಸುತ್ತಾನೆ.

ಅಭ್ಯಾಸ
1. ಧರ್ಮಶ್ರದ್ಧೆಗೆ ನಿಜವಾದ ಪರೀಕ್ಷೆ ಯಾವಾಗ ಒದಗುತ್ತದೆ?
2. ಮಾತಿನ ಸಂಯಮವನ್ನು ಕುರಿತು ಅಶೋಕನ ಅಭಿಪ್ರಾಯವೇನು?
3. ಬುಕ್ಕರಾಯನ ತೀರ್ಪಿನಲ್ಲಿ ಗಮನಿಸಬೇಕಾದ ಮೂರು ಸಂಗತಿಗಳನ್ನು ವಿವರಿಸಿ.